ನೋಡುವ ಕೆಲಸ

ಜನವರಿ 12

ಅಕ್ಕಾ,

ಬಸ್ಸಿನಲ್ಲಿ ನನ್ನ ಗುಬ್ಬಿ ನಿದ್ದೆ ಮಾಡಿದಳಾ? ಕಿಟಕಿಯಾಚೆ ಕೈ ಹಾಕಿದಳಾ? ಭಾವ ಅವಳನ್ನು ಕರೆದುಕೊಂಡು ಹೊರಟಾಗ ಹತ್ತಾರು ಮಾತು ಹೇಳಬೇಕೆಂದುಕೊಂಡಿದ್ದೆ, ಅವಳ ಚೀಲ ಕೈಗೆ ಕೊಟ್ಟೆ ಅಷ್ಟೇ. ಬಸ್ಸು ತಿರುವು ದಾಟುವವರೆಗೂ ನಿಂತಿದ್ದೆ. ಆಮೇಲೆ ಆ ತಿರುವಿನವರೆಗೆ ನಡೆದು ಹೋಗಿ, ಅಲ್ಲಿ ಏನೂ ಆಗಿಲ್ಲ ಎಂದು ಖಾತ್ರಿ ಮಾಡಿಕೊಂಡು ಬಂದೆ. ನಗಬೇಡ.

ಅವಳ ಬಲಗೈಗೆ ದಿನಕ್ಕೆರಡು ಸಲ ಮುಲಾಮು ಹಚ್ಚಬೇಕು. ತೋಳು ಸಡಿಲವಿರುವ ಅಂಗಿಯನ್ನೇ ಹಾಕು. ಬಟ್ಟೆ ಹೊಲಿಯುವವಳಿಗೆ ಇದನ್ನು ಹೇಳುವ ಅಧಿಕಪ್ರಸಂಗ ನನಗೆ ಬೇಡ. ಮುಲಾಮು ಹಚ್ಚುವಾಗ ಅವಳು ಅಳುವುದಿಲ್ಲ, ಸುಮ್ಮನೆ ನಿನ್ನ ಮುಖ ನೋಡುತ್ತಾಳೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಕೈ ಸುಟ್ಟದ್ದು ಹೇಗೆ ಅಂತ ನೀನು ಭಾವನಿಂದ ಮತ್ತೆ ಕೇಳಿಸಿದೆ. ಆಗಲೇ ಹೇಳಿದೆನಲ್ಲ. ನಾನು ಪಕ್ಕದ ಕೋಣೆಯಲ್ಲಿದ್ದೆ. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಸ್ಟೂಲು ಹತ್ತಿ ಪಾತ್ರೆಯ ಹಿಡಿಗೆ ಕೈ ಹಾಕಿದ್ದಾಳೆ. ನಾನು ಬರುವಷ್ಟರಲ್ಲಿ ಆಗಿಹೋಗಿತ್ತು.

ಫೋನ್ ಎತ್ತುವುದಿಲ್ಲ ಎಂದು ಸಿಟ್ಟು ಮಾಡಿಕೊಳ್ಳಬೇಡ. ದಿನವಿಡೀ ಪರದೆ ನೋಡಿ ಬಂದ ಮೇಲೆ, ಫೋನಿಗೆ ಬೆಳಕು ಬಂದರೂ ಸಾಕು, ಅದನ್ನು ಮಗುಚಿ ಇಟ್ಟುಬಿಡುತ್ತೇನೆ. ನನ್ನ ಕೆಲಸ ಏನೆಂದು ನೀನು ಎಂದೂ ಸರಿಯಾಗಿ ಕೇಳಿಲ್ಲ, ನಾನೂ ಹೇಳಿಲ್ಲ. ಟೀವಿ ಸುದ್ದಿಯವರು ಅಂದರೆ ಮೈಕು ಹಿಡಿದು ಓಡಾಡುವವರು ಅಂತ ನಿನ್ನ ಲೆಕ್ಕ. ನಾನು ಮೂರನೇ ಮಹಡಿಯಲ್ಲಿ, ಕಿಟಕಿಗೆ ಪರದೆ ಎಳೆದ ಕೋಣೆಯಲ್ಲಿ ಕೂತಿರುತ್ತೇನೆ. ಎಲ್ಲಿಯಾದರೂ ಬೆಂಕಿ ಬಿದ್ದರೆ, ಬಸ್ಸು ಉರುಳಿದರೆ, ಹೊಡೆದಾಟವಾದರೆ ಜನ ಫೋನಿನಲ್ಲಿ ತೆಗೆದು ಕಳಿಸುತ್ತಾರಲ್ಲ, ಅದೆಲ್ಲ ಮೊದಲು ನಮ್ಮ ಕಣ್ಣಿಗೆ ಬೀಳುತ್ತದೆ. ನಿಜವೋ ಸುಳ್ಳೋ ನೋಡಬೇಕು. ಯಾವ ಸೆಕೆಂಡಿಗೆ ಏನಾಗುತ್ತದೆ ಅಂತ ಪಟ್ಟಿ ಬರೆಯಬೇಕು. ಎಲ್ಲಿ ಕತ್ತರಿಸಬೇಕು, ಯಾರ ಮುಖ ಮಸುಕು ಮಾಡಬೇಕು ಅಂತ ಗುರುತು ಹಾಕಬೇಕು. ನಿಮ್ಮ ಮನೆಯ ಟೀವಿಗೆ ಬರುವುದು ನಾಲ್ಕು ಸೆಕೆಂಡು. ಉಳಿದ ಎರಡು ನಿಮಿಷ ನಮ್ಮದು.

ಗುಬ್ಬಿ ಒಂದೆರಡು ವಾರ ನಿನ್ನ ಹತ್ತಿರ ಇರಲಿ. ಇಲ್ಲಿ ಕೆಲಸ ಜಾಸ್ತಿ.

ಉತ್ತರಕ್ಕೆ ಕಾಯುವ
ನಿನ್ನ ತಂಗಿ


ಜನವರಿ 21

ತಂಗೀ,

ಅಂಚೆಯವನು ಲಕೋಟೆ ಕೊಟ್ಟು ನನ್ನ ಮುಖವನ್ನೇ ನೋಡಿದ. ಈ ಕಾಲದಲ್ಲಿ ಪತ್ರ ಅಂದರೆ ಕೋರ್ಟಿನದೇ ಇರಬೇಕು ಅಂತ ಅವನ ಅನುಮಾನ. ನಿಮ್ಮ ಭಾವನಂತೂ, “ಒಂದು ಪಾರಿವಾಳ ಸಾಕ್ಕೋ, ಕಾಲಿಗೆ ಕಟ್ಟಿ ಕಳ್ಸು” ಅಂತ ಎರಡು ದಿನ ರೇಗಿಸಿದರು. ಇರಲಿ. ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು. ಈಗಲೂ ಕೋಳಿ ಕೆದರಿದ ಹಾಗೇ ಇದೆ.

ಮಗು ಚೆನ್ನಾಗಿದ್ದಾಳೆ. ಕೈ ಒಣಗುತ್ತಿದೆ, ಸ್ವಲ್ಪ ಕಲೆ ಉಳಿಯಬಹುದು. ಇರುವಷ್ಟು ದಿನ ಇಲ್ಲಿನ ಸ್ಕೂಲಿಗೇ ಕಳಿಸುತ್ತಿದ್ದೇವೆ, ಹೆಡ್‌ಮಾಸ್ತರು ನಿಮ್ಮ ಭಾವನಿಗೆ ಪರಿಚಯ. ಊಟ ಮಾಡುತ್ತಾಳೆ, ಬಾಯಿಗೆ ಬೀಗವಿಲ್ಲ. ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಅವಳೇ ಹೆಸರಿಟ್ಟಿದ್ದಾಳೆ. ಒಬ್ಬರು ದಪ್ಪ ಮೀಸೆಯವರು ಕೋಟು ಹೊಲಿಸಲು ಬಂದರೆ, “ದೊಡ್ಡಮ್ಮಾ, ಬ್ರಷ್ ಅಂಕಲ್ ಬಂದ್ರು” ಅಂತ ಅವರೆದುರಿಗೇ ಕೂಗಿದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಒಂದೇ ಒಂದು ಕಾಟ. ಬಟ್ಟೆ ಕತ್ತರಿಸುವ ಮೇಜಿದೆಯಲ್ಲ, ಅದನ್ನು ಹತ್ತುತ್ತಾಳೆ. ಹತ್ತಿ ತುದಿಗೆ ಹೋಗಿ ನಿಂತು, “ದೊಡ್ಡಮ್ಮಾ, ನೋಡು” ಅನ್ನುತ್ತಾಳೆ. ಹಾರುವುದಿಲ್ಲ, ಕುಣಿಯುವುದಿಲ್ಲ, ಸುಮ್ಮನೆ ನಿಲ್ಲುತ್ತಾಳೆ. ನಾನು ಕೈಯಲ್ಲಿದ್ದದ್ದನ್ನು ಬಿಸಾಕಿ ಓಡಿ ಹೋಗುವಷ್ಟರಲ್ಲಿ ತಾನೇ ಇಳಿದು, ಏನೋ ಸಮಾಧಾನವಾದವಳ ಹಾಗೆ ತನ್ನ ಪಾಡಿಗೆ ಹೊರಟುಹೋಗುತ್ತಾಳೆ. ದಿನಕ್ಕೆ ನಾಲ್ಕು ಸಲ, ಐದು ಸಲ. ನಿಮ್ಮ ಭಾವನಿಗೂ ಹೀಗೇ ಮಾಡುತ್ತಾಳೆ, ಮೆಟ್ಟಿಲ ತುದಿಯಲ್ಲಿ ನಿಂತು. ನಿನ್ನೆ ಅವಳ ದೆಸೆಯಿಂದ ಒಂದು ಕೋಟಿನ ತೋಳು ಉಲ್ಟಾ ಕತ್ತರಿಸಿದೆ. ಬ್ರಷ್ ಅಂಕಲ್‌ದೇ.

ಗದರಿಸಲು ಮನಸ್ಸು ಬರುವುದಿಲ್ಲ. ಅಲ್ಲೂ ಹೀಗೆ ಮಾಡುತ್ತಿದ್ದಳಾ? ಬರೆ.

ಕತ್ತರಿ ಕೆಳಗಿಟ್ಟು ಬರೆದ
ಅಕ್ಕ


ಫೆಬ್ರವರಿ 2

ಅಕ್ಕಾ,

ಇಲ್ಲಿ ಯಾವತ್ತೂ ಹಾಗೆ ಮಾಡಿರಲಿಲ್ಲ.

ಮೇಜಿನ ತುದಿಯಲ್ಲಿ ನಿಂತಾಗ ಅವಳು ಕೆಳಗೆ ನೋಡುತ್ತಾಳೋ, ನಿನ್ನನ್ನು ನೋಡುತ್ತಾಳೋ? ನೀನು ಹೊರಡುವುದು ಸ್ವಲ್ಪ ತಡವಾದರೆ ಏನು ಮಾಡುತ್ತಾಳೆ? ಎಣಿಸುತ್ತಾಳಾ? ತುಟಿ ಅಲ್ಲಾಡುತ್ತದಾ? ನೋಡಿ ಬರೆ. ದಮ್ಮಯ್ಯ, ಒಂದು ಸಲವೂ ಓಡದೆ ಇರಬೇಡ. ಎಷ್ಟು ಕೋಟು ಹಾಳಾದರೂ ಆಗಲಿ.

ಇಲ್ಲಿ ನನಗೇನೋ ಸರಿಯಿಲ್ಲ. ಮೊನ್ನೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ತಾಯಿ, ಜೊತೆಗೆ ನಾಲ್ಕು ವರ್ಷದ ಹುಡುಗಿ. ಹುಡುಗಿ ಫುಟ್‌ಪಾತಿನಿಂದ ಒಂದು ಕಾಲು ಕೆಳಗಿಟ್ಟಳು. ಅಷ್ಟೇ ಅಕ್ಕಾ. ನಾನು ಕಿರುಚಿ, ಅವಳ ತೋಳು ಹಿಡಿದು, ಎಳೆದು, ಅಂಗಡಿಯ ಗೋಡೆಗೆ ಒತ್ತಿ ಹಿಡಿದೆ. ರಸ್ತೆಯಲ್ಲಿ ಒಂದು ಸೈಕಲ್ ಕೂಡ ಇರಲಿಲ್ಲ. ಮಗು ಹೆದರಿ ಚಡ್ಡಿ ಒದ್ದೆ ಮಾಡಿಕೊಂಡಿತು. ತಾಯಿ ನನ್ನ ಕೈ ಬಿಡಿಸಿ, “ಏನ್ರೀ ಆಗಿದೆ ನಿಮ್ಗೆ? ತಲೆ ಸರಿ ಇದ್ಯಾ?” ಅಂದಳು. ಆ ಪುಟ್ಟ ತೋಳಿನ ಮೇಲೆ ನನ್ನ ನಾಲ್ಕು ಬೆರಳೂ ಮೂಡಿದ್ದವು. ಕ್ಷಮೆಯನ್ನೂ ಕೇಳದೆ, ಬಂದ ಬಸ್ಸು ಹತ್ತಿಬಿಟ್ಟೆ.

ಅದು ಎಲ್ಲಿಂದ ಬಂತೆಂದು ನನಗೆ ಗೊತ್ತು. ಅದರ ಹಿಂದಿನ ವಾರ ನೋಡಿದ ಒಂದು ವಿಡಿಯೋದಲ್ಲಿ ಒಂದು ಮಗು ಹಾಗೇ ಕಾಲಿಡುತ್ತದೆ, ಅದೇ ಕಾಲು. ಉಳಿದದ್ದು ಬರೆಯುವುದಿಲ್ಲ.

ನಮ್ಮ ಮೇಲಿನವರು ನನ್ನನ್ನು ಹೊಗಳುತ್ತಾರೆ. “ನಿಂದು ಗಟ್ಟಿ ಕಣ್ಣು ಕಣಮ್ಮ” ಅನ್ನುತ್ತಾರೆ. ಹೊಸಬರು ಬಂದು ಅತ್ತರೆ ನನ್ನ ಪಕ್ಕ ಕೂರಿಸುತ್ತಾರೆ. ನಾನು ಅವರಿಗೆ ಕಲಿಸುತ್ತೇನೆ. ಮೊದಲು ಧ್ವನಿ ಇಲ್ಲದೆ ನೋಡು. ಪರದೆಯ ಅರ್ಧಕ್ಕೆ ರಟ್ಟು ಹಿಡಿ. ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿಕೋ.

ಗುಬ್ಬಿ ಇನ್ನೂ ಸ್ವಲ್ಪ ದಿನ ಅಲ್ಲೇ ಇರಲಿ.

ನಿನ್ನ ತಂಗಿ


ಫೆಬ್ರವರಿ 10

ತಂಗೀ,

ನೀನು ಹೇಳಿದ ಹಾಗೆ ಗಮನಿಸಿದೆ. ಕೆಳಗೆ ನೋಡುವುದಿಲ್ಲ, ನನ್ನನ್ನೇ ನೋಡುತ್ತಾಳೆ. ತುಟಿ ಅಲ್ಲಾಡುತ್ತದೆ. ಎಣಿಸುತ್ತಾಳೆ.

ಇದು ನಿನಗೆ ಹೇಗೆ ಗೊತ್ತಾಯಿತು?

ನಾನು ಓದಿದ್ದು ಕಡಿಮೆ, ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಿಲ್ಲ. ನಿನ್ನೆ ಮುಲಾಮು ಹಚ್ಚುತ್ತ ಮೆಲ್ಲಗೆ ಕೇಳಿದೆ, “ಅವತ್ತು ಅಮ್ಮ ಎಲ್ಲಿದ್ಲು ಪುಟ್ಟಾ?” ಮಗು ಎದ್ದು ನೆಟ್ಟಗೆ ಕೂತು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ, “ಅಮ್ಮ ಪಕ್ಕದ ರೂಮಲ್ಲಿದ್ಲು. ಬರೋಷ್ಟ್ರಲ್ಲಿ ಆಗ್ಹೋಗಿತ್ತು” ಅಂದಳು. ನಿನ್ನ ಪತ್ರದಲ್ಲಿದ್ದ ಮಾತೇ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಏಳು ವರ್ಷದ ಮಗು ಹಾಗೆ ಮಾತಾಡುತ್ತದೇನೇ?

ನನಗೆ ಹೆದರಿಕೆಯಾಗುತ್ತಿದೆ. ಏನಾಯಿತು ಅಂತ ನನಗೆ ಹೇಳು. ಸುತ್ತಿ ಬಳಸಿ ಬೇಡ.

ಅಕ್ಕ


ಫೆಬ್ರವರಿ 19

ಅಕ್ಕಾ,

ನಾನು ಪಕ್ಕದ ಕೋಣೆಯಲ್ಲಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಭಾನುವಾರ, ಮಧ್ಯಾಹ್ನ. ಕೈಯಲ್ಲಿ ಒಗೆದು ಮಡಿಸಿದ ಬಟ್ಟೆಯ ಕಟ್ಟು. ಅವಳಿಗೂ ನನಗೂ ನಡುವೆ ಮೂರು ಹೆಜ್ಜೆ.

ಕೆಲಸಕ್ಕೆ ಸೇರಿದ ದಿನ ಒಬ್ಬ ಹಿರಿಯರು ನನಗೆ ಹೇಳಿದ್ದರು. “ನೋಡು, ಇದೆಲ್ಲ ಆಗ್ಲೇ ನಡೆದು ಹೋಗಿರೋದು. ನೀನು ಎದ್ದು ನಿಂತ್ರೂ ಅಷ್ಟೇ, ಅತ್ರೂ ಅಷ್ಟೇ. ಬರ್ಕೋ, ಮುಂದಕ್ಕೆ ಹೋಗು.” ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆ ಮಾತು ಹಿಡಿದುಕೊಂಡೇ ಆರು ವರ್ಷ ಕಳೆದೆ. ಅದು ಇಲ್ಲದಿದ್ದರೆ ಒಂದು ತಿಂಗಳೂ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಅವತ್ತು ಗುಬ್ಬಿ ಸ್ಟೂಲು ಹತ್ತಿದಳು. ನನ್ನ ತಲೆಯೊಳಗೆ ಪಟ್ಟಿ ಶುರುವಾಯಿತು. ಒಂದನೇ ಸೆಕೆಂಡು, ಮಗು ಸ್ಟೂಲಿನ ಮೇಲೆ. ಮೂರು, ಬಲಗೈ ಹಿಡಿಯ ಮೇಲೆ. ನಾಲ್ಕು, ಪಾತ್ರೆ ವಾಲುತ್ತದೆ. ಐದು, ಮಗು ಕ್ಯಾಮೆರಾ ಕಡೆ ತಿರುಗಿ “ಅಮ್ಮಾ” ಅನ್ನುತ್ತದೆ. ಕ್ಯಾಮೆರಾ ಅಂತಲೇ ಅಂದುಕೊಂಡೆ ಅಕ್ಕಾ. ನನ್ನ ಕಡೆ ಅಂತ ಅಲ್ಲ. ಇಲ್ಲಿಗೆ ಕತ್ತರಿಸಬೇಕು, ಮುಂದಿನದು ತೋರಿಸುವಂಥದ್ದಲ್ಲ, ಅಂದುಕೊಂಡೆ. ಅವಳು ಕಿರುಚಿದಾಗ ಧ್ವನಿ ಕಡಿಮೆ ಮಾಡಬೇಕು ಅನ್ನಿಸಿತು. ನನ್ನ ಹೆಬ್ಬೆರಳು ಬಟ್ಟೆಯ ಮೇಲೆ ಧ್ವನಿಯ ಗುಂಡಿ ಹುಡುಕುತ್ತಿತ್ತು.

ಬಿಸಿನೀರು ನೆಲದ ಮೇಲೆ ಹರಿದು ಬಂದು ನನ್ನ ಕಾಲಿಗೆ ತಾಗಿತು. ಆಗಲೇ ನನಗೆ ಇದು ನನ್ನ ಮನೆ ಅಂತ ಗೊತ್ತಾದದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಪಕ್ಕದ ಕೋಣೆಯಲ್ಲಿದ್ದೆ, ಬರುವಷ್ಟರಲ್ಲಿ ಆಗಿಹೋಗಿತ್ತು ಎಂದೆ. ಗುಬ್ಬಿ ನನ್ನ ಮಡಿಲಲ್ಲಿದ್ದಳು. ಅಳು ನಿಲ್ಲಿಸಿ ನನ್ನ ಮುಖ ನೋಡಿದಳು. ಸುಳ್ಳು ಹೇಳು ಅಂತ ನಾನು ಅವಳಿಗೆ ಹೇಳಿಕೊಟ್ಟಿಲ್ಲ. ಅವಳಾಗಿಯೇ ಕಲಿತುಕೊಂಡಳು.

ಕೆಲಸ ಜಾಸ್ತಿ ಅಂತ ಅವಳನ್ನು ಕಳಿಸಿದ್ದಲ್ಲ. ಅವಳ ಜೊತೆ ಒಬ್ಬಳೇ ಇರಲು ನನಗೆ ಭಯ. ಅವಳು ನೀರು ಕುಡಿಯುವಾಗ ಭಯ, ಮೆಟ್ಟಿಲಿಳಿಯುವಾಗ ಭಯ. ಬೀಳುತ್ತಾಳೆ ಅಂತಲ್ಲ, ಎಲ್ಲ ಮಕ್ಕಳೂ ಬೀಳುತ್ತವೆ. ಬಿದ್ದಾಗ ನಾನು ಬರೆದುಕೊಳ್ಳುತ್ತ ನಿಂತಿರುತ್ತೇನೆ ಅಂತ. ಇವಳ ಅಪ್ಪ ಬದುಕಿದ್ದರೆ ಕಾವಲಿಗೆ ಇನ್ನೊಬ್ಬರಾದರೂ ಇರುತ್ತಿದ್ದರು. ಈಗ ನನ್ನಿಂದ ಅವಳನ್ನು ಕಾಯುವವರು ಯಾರು?

ಅವಳು ನಿಮ್ಮ ಮೇಜು ಹತ್ತಿ ಏನು ನೋಡುತ್ತಿದ್ದಾಳೆಂದು ಈಗ ನಿನಗೂ ಗೊತ್ತು.

ತಂಗಿ


ಏಪ್ರಿಲ್ 3

ತಂಗೀ,

ನಲವತ್ತು ದಿನದ ಮೇಲಾಯಿತು. ಕ್ಷಮಿಸಿದ್ದೇನೆ ಅಂತ ಈಗ ಬರೆಯುತ್ತಿಲ್ಲ. ಮೂರು ಪತ್ರ ಬರೆದೆ, ಮೂರನ್ನೂ ಹರಿದೆ. ಮೊದಲನೆಯದರಲ್ಲಿ ಇದ್ದ ಮಾತುಗಳನ್ನು ಶತ್ರುವಿಗೂ ಯಾರೂ ಬರೆಯಬಾರದು.

ಮೂರು ಹೆಜ್ಜೆ. ಅದೊಂದನ್ನು ಜೀರ್ಣಿಸಿಕೊಳ್ಳಲು ಆಗುತ್ತಿಲ್ಲ. ನಮ್ಮ ಅಡುಗೆಮನೆಯಲ್ಲಿ ನಿಂತು ಮೂರು ಹೆಜ್ಜೆ ಹಾಕಿ ನೋಡಿದೆ, ಕೈ ಚಾಚಿದರೆ ಒಲೆ ಸಿಗುತ್ತದೆ.

ಆದರೆ ಇನ್ನೊಂದನ್ನೂ ಹೇಳಬೇಕು. ಅಂಗಡಿಯಲ್ಲಿ ಟೀವಿ ಹಾಕಿಕೊಂಡು ಹೊಲಿಯುವುದು ನನ್ನ ಅಭ್ಯಾಸ. ಬಸ್ಸು ಉರುಳಿದ್ದು, ಕಟ್ಟಡ ಹೊತ್ತಿದ್ದು ಎಲ್ಲ ನೋಡುತ್ತೇನೆ. ಅಯ್ಯೋ ಪಾಪ ಅಂದು ಸೂಜಿಗೆ ದಾರ ಪೋಣಿಸುತ್ತೇನೆ. ಆ ನಾಲ್ಕು ಸೆಕೆಂಡಿನ ಹಿಂದೆ ಎರಡು ನಿಮಿಷ ಇದೆ, ಅದನ್ನು ನನ್ನ ತಂಗಿ ನೋಡಿದ್ದಾಳೆ ಅಂತ ನನಗೆ ಹೊಳೆದಿರಲಿಲ್ಲ. ಹೋದ ವಾರ ಏನೋ ಬಂತು, ಎದ್ದು ಆರಿಸಿಬಿಟ್ಟೆ. ಆರಿಸಲು ಆಗದವರು ಏನು ಮಾಡುತ್ತಾರೆ ಅಂತ ಯೋಚಿಸುತ್ತ ಆ ದಿನವೆಲ್ಲ ಹೋಯಿತು.

ನಿಮ್ಮ ಭಾವನಿಗೆ ಇನ್ನೂ ಹೇಳಿಲ್ಲ. ಡಾಕ್ಟರ ಹತ್ತಿರ ಹೋಗು, ಮನಸ್ಸಿನ ಡಾಕ್ಟರ ಹತ್ತಿರ. ಹೋಗಿ ಬಂದೆ ಅಂತ ನನಗೆ ಬರೆದರೆ ಸಾಲದು, ಚೀಟಿ ತೋರಿಸು. ಒಂದು ಭಾನುವಾರ ಬಂದು ಮಗುವನ್ನು ನೋಡಿಕೊಂಡು ಹೋಗು. ಕರೆದುಕೊಂಡು ಹೋಗುವ ಮಾತು ಮಾತ್ರ ಎತ್ತಬೇಡ.

ಅಕ್ಕ


ಏಪ್ರಿಲ್ 22

ಅಕ್ಕಾ,

ಡಾಕ್ಟರ ಚೀಟಿ ಇದರೊಳಗಿದೆ. ಮೂರು ಸಲ ಹೋಗಿದ್ದೇನೆ. ಇದಕ್ಕೊಂದು ಹೆಸರಿದೆಯಂತೆ, ಯುದ್ಧಕ್ಕೆ ಹೋದವರಿಗೆ ಮಾತ್ರವಲ್ಲ, ಕೂತು ನೋಡುವವರಿಗೂ ಬರುತ್ತದಂತೆ, ವಾಸಿಯಾಗುತ್ತದಂತೆ. “ಇನ್ನೊಂದ್ಸಲ ಹಾಗಾಗಲ್ಲ ಅಂತ ಬರೆದುಕೊಡ್ತೀರಾ ಡಾಕ್ಟ್ರೇ?” ಅಂತ ಕೇಳಿದೆ. ಆಕೆ ಪೆನ್ನು ಮುಚ್ಚಿಟ್ಟು, “ಅದನ್ನ ನಾನು ಯಾರಿಗೂ ಬರೆದುಕೊಡೋಕಾಗಲ್ಲಮ್ಮ” ಅಂದರು.

ನಾನು ಬಂದ ಭಾನುವಾರ ಗುಬ್ಬಿ ಎಷ್ಟು ಜಾಣೆಯಾಗಿದ್ದಳು ಅಂತ ನಿನಗೆ ಸಂತೋಷವಾಯಿತು. “ನೋಡೇ, ನೀನು ಬಂದಿದ್ಕೆ ಕೋತಿ ಚೇಷ್ಟೆ ಎಲ್ಲ ಬಿಟ್ಲು” ಅಂದೆ. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಆ ದಿನವನ್ನು ಮೊದಲಿನಿಂದ ಮತ್ತೆ ನೆನೆಸಿಕೊಂಡೆ.

ಮೇಜಿನ ಹತ್ತಿರ ಹೋಗಲಿಲ್ಲ ಅವಳು. ಮೆಟ್ಟಿಲನ್ನು ಗೋಡೆ ಹಿಡಿದು, ಒಂದೊಂದಕ್ಕೂ ಎರಡೂ ಕಾಲಿಟ್ಟು ಇಳಿದಳು. ಕತ್ತರಿ ಬಿದ್ದಿದ್ದರೆ ಸುತ್ತಿಕೊಂಡು ಹೋದಳು. ಹಣ್ಣು ಕೊಟ್ಟರೆ ಸಣ್ಣ ಸಣ್ಣ ಚೂರು ಮಾಡಿ, ಅಗಿದು ಅಗಿದು ನುಂಗಿದಳು. ನೀನು ಸಾಮಾನು ತರಲು ಹೋಗಿ ನಾವಿಬ್ಬರೇ ಉಳಿದಾಗ ನೆಲದ ಮೇಲೆ ಕೂತುಬಿಟ್ಟಳು, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ನೀನು ವಾಪಸು ಬರುವವರೆಗೂ ಅಲ್ಲಾಡಲಿಲ್ಲ.

ನೀವು ಓಡಿ ಬರುತ್ತೀರಿ ಅಂತ ಗೊತ್ತಿರುವುದಕ್ಕೆ ಅವಳು ನಿಮ್ಮೆದುರು ಹತ್ತುತ್ತಾಳೆ. ನನ್ನೆದುರು ಹತ್ತುವ ಧೈರ್ಯ ಅವಳಿಗಿಲ್ಲ. ನನ್ನ ಮಗಳು ನನಗೆ ಹೆದರುತ್ತಿದ್ದಾಳೆ ಅಕ್ಕಾ, ನಾನು ಹೊಡೆದವಳಲ್ಲ, ಬೈದವಳಲ್ಲ.

ಯೋಚನೆ ಮಾಡಿದ್ದೇನೆ. ಅವಳು ನಿನ್ನ ಹತ್ತಿರವೇ ಇರಲಿ, ರಜೆ ಮುಗಿಯುವವರೆಗೆ ಅಂತಲ್ಲ, ಪೂರ್ತಿ. ಕಾಗದ ಪತ್ರ ಏನು ಬೇಕೋ ಮಾಡಿಸೋಣ. ನಿನ್ನನ್ನೇ ಅಮ್ಮ ಅನ್ನಲಿ. ನನಗೆ ಹೊಟ್ಟೆ ಉರಿಯುತ್ತದೆ, ಉರಿಯಲಿ. ಅವಳು ಸುರಕ್ಷಿತವಾಗಿರುತ್ತಾಳೆ.

ತಂಗಿ


ಮೇ 5

ತಂಗೀ,

ನಿನ್ನ ಪತ್ರವನ್ನು ನಿಮ್ಮ ಭಾವನಿಗೆ ಓದಿ ಹೇಳಿದೆ. ಹಿಂದಿನದನ್ನೂ ಹೇಳಿದೆ. ಅವರು, “ಮಗು ಏನು ಸರಿಹೋಗದ ಅಂಗಿನಾ, ಇನ್ನೊಬ್ರಿಗೆ ಕೊಡೋಕೆ?” ಅಂದರು. ನಾನು ಅಷ್ಟು ಸುಲಭಕ್ಕೆ ಇಲ್ಲ ಅನ್ನಲಾರೆ. ನನಗೆ ಮಕ್ಕಳಿಲ್ಲ. ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಬಾಗಿಲ ಹಿಂದೆ ಒಂದು ಜೋಡಿ ಕಿವಿ ಇತ್ತು. ಮಾರನೆಯ ದಿನ ಅವಳು ನನ್ನ ಕೈಗೆ ಒಂದು ಕಾಗದ ಕೊಟ್ಟು, “ಇದು ಅಮ್ಮಂಗೆ, ನೀನು ಓದ್ಬೇಡ” ಅಂದಳು. ಓದಿದೆ. ಈಗ ನೀನು ಓದು. ಓದಿದ ಮೇಲೂ ನಿನ್ನ ಮಾತು ಅದೇ ಆಗಿದ್ದರೆ ಹೇಳು, ಕಾಗದ ಪತ್ರ ಮಾಡಿಸೋಣ.

ಅಕ್ಕ


ಅಮ್ಮಾ,

ನನ್ನನ್ನ ದೊಡ್ಡಮ್ಮಂಗೆ ಕೊಟ್ಬಿಡ್ತೀಯಂತೆ. ಕೊಡ್ಬೇಡ. ದೊಡ್ಡಮ್ಮ ಒಳ್ಳೆಯೋರು ಆದ್ರೆ ಕೊಡ್ಬೇಡ. ನಾನು ಹುಷಾರಾಗಿರ್ತೀನಿ. ಒಲೆ ಹತ್ರ ಬರಲ್ಲ. ಸ್ಟೂಲ್ ಮುಟ್ಟಲ್ಲ. ಮೆಟ್ಟಿಲು ಕೂತ್ಕೊಂಡು ಇಳೀತೀನಿ. ರಸ್ತೆ ದಾಟೋವಾಗ ನಾನೇ ಎರಡೂ ಕಡೆ ನೋಡಿ ನಿಂಗೂ ಹೇಳ್ತೀನಿ. ಏನಾದ್ರೂ ಆದ್ರೆ ನಿನ್ನ ಕೂಗಲ್ಲ. ನಮ್ಮ ಮೇಲಿನ ಮನೆ ಅಜ್ಜಿನ ಕೂಗ್ತೀನಿ, ಅವ್ರಿಗೆ ಮಂಡಿ ನೋವು ಅದಕ್ಕೆ ಎರಡು ಸಲ ಕೂಗ್ಬೇಕು. ಡಾಕ್ಟರ್ ಕೇಳಿದ್ರೆ ನೀನು ಪಕ್ಕದ ರೂಮಲ್ಲಿದ್ದೆ ಅಂತಾನೇ ಹೇಳ್ತೀನಿ, ದೊಡ್ಡಮ್ಮಂಗೂ ನಿಜ ಹೇಳಿಲ್ಲ. ನೀನು ಓಡಿ ಬರೋದು ಬೇಡ ಅಮ್ಮ. ಸುಮ್ನೆ ನಿಂತಿದ್ರೆ ಸಾಕು.

ಗುಬ್ಬಿ


ಮೇ 8

ಗುಬ್ಬೀ,

ನಿನ್ನ ಪತ್ರ ಬಂತು. ನಿನ್ನನ್ನು ಯಾರಿಗೂ ಕೊಡುವುದಿಲ್ಲ. ನಾನು ಹಾಗೆ ಬರೆದದ್ದು ತಪ್ಪು.

ಅವತ್ತು ನಾನು ಪಕ್ಕದ ಕೋಣೆಯಲ್ಲಿ ಇರಲಿಲ್ಲ. ಬಾಗಿಲಲ್ಲೇ ಇದ್ದೆ. ಅದು ನಿನಗೂ ಗೊತ್ತು, ನನಗೂ ಗೊತ್ತು. ಇನ್ನು ಮೇಲೆ ಯಾರು ಕೇಳಿದರೂ ಹಾಗೇ ಹೇಳು. ನಿನ್ನ ಮೇಲೆ ನನಗೆ ಸಿಟ್ಟಿರಲಿಲ್ಲ. ನೀನು ಏನೂ ತಪ್ಪು ಮಾಡಿರಲಿಲ್ಲ. ಅಮ್ಮನಿಗೆ ಒಂದು ಕಾಯಿಲೆ ಬಂದಿತ್ತು, ಎದುರಿಗಿರುವುದು ದೂರದಲ್ಲಿದೆ ಅನ್ನಿಸುವ ಕಾಯಿಲೆ. ಅದಿನ್ನೂ ಪೂರ್ತಿ ಹೋಗಿಲ್ಲ. ಆ ವಿಡಿಯೋ ನೋಡುವ ಕೆಲಸ ಬಿಟ್ಟಿದ್ದೇನೆ, ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.

ಶುಕ್ರವಾರದ ಬಸ್ಸಿಗೆ ಬರುತ್ತೇನೆ. ನಿನ್ನನ್ನು ಕರೆದುಕೊಂಡು ಹೋಗುವುದಕ್ಕಲ್ಲ, ಅಲ್ಲೇ ಇರುವುದಕ್ಕೆ. ಒಬ್ಬಳೇ ನಿನ್ನನ್ನು ನೋಡಿಕೊಳ್ಳುವ ಧೈರ್ಯ ನನಗಿನ್ನೂ ಬಂದಿಲ್ಲ, ಅದಕ್ಕೆ ದೊಡ್ಡಮ್ಮನೂ ದೊಡ್ಡಪ್ಪನೂ ಜೊತೆಗಿರಲಿ. ನನಗೆ ತುಂಬ ಭಯ ಇದೆ ಕಣೇ. ಇದನ್ನು ಮಕ್ಕಳಿಗೆ ಹೇಳಬಾರದು ಅನ್ನುತ್ತಾರೆ, ಆದರೆ ನಿನಗೆ ಆಗಲೇ ಗೊತ್ತಿದೆ.

ನೀನು ಬರೆದದ್ದರಲ್ಲಿ ಒಲೆಯದು ಇರಲಿ, ರಸ್ತೆಯದು ಇರಲಿ. ಅಜ್ಜಿಯದು ಬೇಡ. ಏನಾದರೂ ಆದರೆ ನನ್ನನ್ನೇ ಕೂಗು. ನಾನು ನಿಂತಿದ್ದರೆ ಇನ್ನೂ ಜೋರಾಗಿ ಕೂಗು, ಏನಾದರೂ ಎತ್ತಿ ನನ್ನ ಮೇಲೆ ಎಸೆ. ನಾನು ಬರುವವರೆಗೂ ಕೂಗುವುದನ್ನು ನಿಲ್ಲಿಸಬೇಡ.

ಅಮ್ಮ